ಋತುಗಳ ಋಣ

ಕವಿಗೂ ಲೆಕ್ಕಪತ್ರಕ್ಕೂ ಎಣ್ಣೆ-ಸೀಗೆಕಾಯಿಯ ಸಂಬಂಧವೆಂಬುದು ಲೋಕದ ತಿಳಿವಳಿಕೆ. ಕವಿಯಾದವನು ಹೊಳೆಯ ದಂಡೆಯಲ್ಲಿ ಕುಳಿತು ಮೋಡ ನೋಡಬೇಕು. ಲೆಕ್ಕ ಬರೆಯುವವನು ಕಚೇರಿಯಲ್ಲಿ ಕುಳಿತು ಶಿಲ್ಕು ತಾಳೆ ನೋಡಬೇಕು. ಒಬ್ಬನಿಗೆ ಇನ್ನೊಬ್ಬನ ಗೊಡವೆ ಬೇಡ. ಹೀಗಿರುವಾಗ ದಿನವೂ ಬ್ಯಾಂಕಿನ ಮೇಜಿನ ಮುಂದೆ ಕುಳಿತು ಜಮಾ-ಖರ್ಚು ಬರೆಯುವ ನನ್ನಂಥ ಗುಮಾಸ್ತನು ರವೀಂದ್ರನಾಥ ಠಾಕೂರರ ವಿಷಯವಾಗಿ ಲೇಖನಿ ಹಿಡಿದದ್ದು ಕೆಲವರಿಗೆ ಸೋಜಿಗವೆನಿಸಬಹುದು. ಆದರೆ ಆ ಮಹಾಕವಿಯ ಬಾಳನ್ನು ಓದುತ್ತ ಹೋದವರಿಗೆ ಒಂದು ಸಂಗತಿ ಬೇಗನೆ ತಿಳಿಯುತ್ತದೆ. ಅವರು ಹಳ್ಳಿಗೆ ಹೋದದ್ದು ಲೆಕ್ಕ ನೋಡಲಿಕ್ಕೆ. ಅಲ್ಲಿ ಕಾವ್ಯ ಸಿಕ್ಕಿತು. ಹಳ್ಳಿಯೂ ಅಲ್ಲಿಯ ಋತುಗಳೂ ತನಗೆ ಕೊಟ್ಟದ್ದೆಷ್ಟು, ತಾನು ತಿರುಗಿ ಕೊಟ್ಟದ್ದೆಷ್ಟು ಎಂಬ ಇನ್ನೊಂದು ಲೆಕ್ಕವನ್ನು ಅಂದಿನಿಂದ ಕೊನೆಯವರೆಗೂ ಅವರು ಮನಸ್ಸಿನಲ್ಲಿ ಇಟ್ಟುಕೊಂಡಿದ್ದರು. ಆ ಎರಡನೆಯ ಲೆಕ್ಕದ ಕಥೆಯನ್ನು ಇಲ್ಲಿ ಹೇಳಹೊರಟಿದ್ದೇನೆ.

ರವೀಂದ್ರರು ಹುಟ್ಟಿದ್ದು 1861ರ ಮೇ 7ರಂದು, ಕಲಕತ್ತೆಯ ಜೋಡಾಸಾಂಕೊದಲ್ಲಿದ್ದ ಠಾಕೂರ ಮನೆತನದ ದೊಡ್ಡ ಮನೆಯಲ್ಲಿ. ತಂದೆ ಮಹರ್ಷಿ ದೇವೇಂದ್ರನಾಥರು, ತಾಯಿ ಶಾರದಾದೇವಿ. ಅವರಿಗೆ ಹುಟ್ಟಿದ ಹದಿನಾಲ್ಕನೆಯ ಮಗು ಇವರು. ಅಜ್ಜ ದ್ವಾರಕಾನಾಥರು ಭಾರಿ ವ್ಯಾಪಾರಿ. 1829ರಲ್ಲಿ ಕಲಕತ್ತೆಯಲ್ಲಿ ಯೂನಿಯನ್ ಬ್ಯಾಂಕನ್ನು ಕಟ್ಟಿದವರಲ್ಲಿ ಪ್ರಮುಖರು. 1846ರಲ್ಲಿ ಅವರು ಲಂಡನ್ನಿನಲ್ಲಿ ತೀರಿಕೊಂಡರು. ಎರಡು ವರ್ಷ ತುಂಬುವುದರೊಳಗೆ ಬ್ಯಾಂಕು ಮುಳುಗಿತು, ವ್ಯಾಪಾರದ ಕೋಠಿಯೂ ಮುಚ್ಚಿತು. ಮಗ ದೇವೇಂದ್ರನಾಥರು ಮನೆಯ ವೈಭವವನ್ನು ಮೊಟಕುಗೊಳಿಸಿ, ಸಾಲ ಕೊಟ್ಟವರ ಹಣವನ್ನು ವರ್ಷಗಟ್ಟಲೆ ತೀರಿಸುತ್ತ ಬಂದರು. ಋಣವೆಂದರೆ ಏನೆಂಬುದನ್ನು ಆ ಮನೆಯ ಮಕ್ಕಳಿಗೆ ಪುಸ್ತಕದಿಂದ ಕಲಿಸಬೇಕಾಗಿರಲಿಲ್ಲ.

ದೊಡ್ಡ ಮನೆಯಲ್ಲಿ ಚಿಕ್ಕ ಮಕ್ಕಳು ಬೆಳೆದದ್ದು ಆಳುಗಳ ಕೈಯಲ್ಲಿ. ಶ್ಯಾಮನೆಂಬ ಒಬ್ಬ ಆಳು ಹುಡುಗನನ್ನು ಒಂದು ಕಡೆ ಕೂರಿಸಿ, ಸುತ್ತಲೂ ಸೀಮೆಸುಣ್ಣದಿಂದ ಗೆರೆ ಎಳೆದು, ದಾಟಿದರೆ ಅಪಾಯವೆಂದು ಹೆದರಿಸಿ ತನ್ನ ಪಾಡಿಗೆ ತಾನು ಹೊರಟುಹೋಗುತ್ತಿದ್ದನು. ಗೆರೆ ದಾಟಿದ ಸೀತಾದೇವಿಯ ಗತಿಯನ್ನು ಕೇಳಿ ಬಲ್ಲ ಬಾಲಕ ರವೀಂದ್ರನು ಅಲುಗಾಡದೆ ಕುಳಿತು, ಕಿಟಕಿಯ ಕೆಳಗಿನ ಕೊಳವನ್ನೂ ಅದರ ದಂಡೆಯ ಮುದಿ ಆಲದ ಮರವನ್ನೂ ಹಗಲೆಲ್ಲ ನೋಡುತ್ತಿದ್ದನು. ನೀರು, ಮರ, ಆಕಾಶ ಎಲ್ಲವೂ ಕಣ್ಣೆದುರಿಗೇ ಇದ್ದು ಕೈಗೆ ಮಾತ್ರ ಎಟುಕದಂತಿದ್ದವು.

ಆ ಗೆರೆ ಅಳಿಸಿದ್ದು 1873ರಲ್ಲಿ. ಉಪನಯನವಾದ ಮೇಲೆ ತಂದೆಯವರು ಮಗನನ್ನು ಹಿಮಾಲಯದ ಪ್ರವಾಸಕ್ಕೆ ಕರೆದುಕೊಂಡು ಹೊರಟರು. ದಾರಿಯಲ್ಲಿ ಬೋಲಪುರದ ಹತ್ತಿರ ಕೆಲವು ದಿನ ತಂಗಿದರು. ಅಲ್ಲಿ ದೇವೇಂದ್ರನಾಥರು 1863ರಲ್ಲಿ ಇಪ್ಪತ್ತು ಬಿಘಾ ಬರಡು ಬಯಲನ್ನು ಪಡೆದು, ಧ್ಯಾನಕ್ಕೆಂದು ಮನೆ ಕಟ್ಟಿಸಿದ್ದರು. ಅದೇ ಮುಂದೆ ಶಾಂತಿನಿಕೇತನವೆಂದು ಜಗತ್ತಿಗೆ ಗೊತ್ತಾದ ಸ್ಥಳ. ಆ ಕೆಂಪು ಮಣ್ಣಿನಲ್ಲಿ ಆಗ ನೆರಳೆಂದರೆ ಸಪ್ತಪರ್ಣಿ ಮರಗಳದು. ನಮ್ಮಲ್ಲಿ ಅದನ್ನು ಹಾಲೆ ಮರವೆನ್ನುವರು. ಆಟಿ ಅಮಾವಾಸ್ಯೆಯ ಬೆಳಗ್ಗೆ ತುಳುನಾಡಿನವರು ಅದರ ತೊಗಟೆಯ ಕಷಾಯವನ್ನು ಕುಡಿಯುತ್ತಾರೆ. ಹನ್ನೆರಡರ ಹುಡುಗ ಮಳೆನೀರು ಕೊರೆದ ಕೊರಕಲುಗಳಲ್ಲಿ ಮನಸಾರೆ ಅಲೆದು, ಅಂಗಿಯ ತುಂಬ ಬಣ್ಣದ ಕಲ್ಲುಗಳನ್ನು ಆಯ್ದು ತಂದನು. ತಂದೆಯವರು ಬೇಡವೆನ್ನಲಿಲ್ಲ. ಆದರೆ ಸ್ವಾತಂತ್ರ್ಯದ ಜೊತೆಯಲ್ಲಿಯೇ ಹೊಣೆಯನ್ನೂ ಕೊಟ್ಟರು. ಸ್ವಲ್ಪ ಹಣವನ್ನು ಮಗನ ವಶಕ್ಕೆ ಒಪ್ಪಿಸಿ, ದಿನದಿನದ ಖರ್ಚಿನ ಲೆಕ್ಕವಿಡುವಂತೆ ಹೇಳಿದರು. ತಮ್ಮ ಬೆಲೆಬಾಳುವ ಚಿನ್ನದ ಗಡಿಯಾರಕ್ಕೆ ಕೀಲಿ ಕೊಡುವ ಕೆಲಸವನ್ನೂ ವಹಿಸಿದರು. ಕೀಲಿ ಕೊಟ್ಟ ಹುರುಪಿಗೆ ಗಡಿಯಾರ ರಿಪೇರಿಗೆ ಹೋಯಿತು. ಲೆಕ್ಕವಂತೂ ತಾಳೆಯಾಗಲಿಲ್ಲ. ಒಮ್ಮೆ ಕೈಯಲ್ಲಿ ಉಳಿದ ಹಣ ಪುಸ್ತಕದ ಶಿಲ್ಕಿಗಿಂತ ಹೆಚ್ಚಾಗಿಯೇ ಇತ್ತು. ದೇವೇಂದ್ರನಾಥರು ಸಿಟ್ಟಾಗದೆ, ಹಣ ಬೆಳೆಯುವ ಕೈಯಿದು, ಇವನನ್ನೇ ಖಜಾಂಚಿಯಾಗಿ ಇಟ್ಟುಕೊಳ್ಳಬೇಕೆಂದು ನಗೆಯಾಡಿದರು. ನಮ್ಮ ಉದ್ಯೋಗದಲ್ಲಿ ಶಿಲ್ಕು ಹೆಚ್ಚಾದರೂ ತಪ್ಪೇ, ಕಡಿಮೆಯಾದರೂ ತಪ್ಪೇ; ಮಹರ್ಷಿಗಳ ಬ್ಯಾಂಕಿನಲ್ಲಿ ಕೆಲಸ ಮಾಡಿದ ಈ ಹುಡುಗ ಅದೃಷ್ಟವಂತ.

1878ರಲ್ಲಿ, ವಿಲಾಯತಿಗೆ ಹೋಗುವ ಮೊದಲು, ಹದಿನೇಳರ ತರುಣ ರವೀಂದ್ರರು ನಮ್ಮ ಈ ಮುಂಬಯಿಯಲ್ಲಿ ಡಾಕ್ಟರ್ ಆತ್ಮಾರಾಮ ಪಾಂಡುರಂಗರ ಮನೆಯಲ್ಲಿದ್ದು ಇಂಗ್ಲಿಷ್ ರೂಢಿ ಮಾಡಿಕೊಂಡರು. ಅಣ್ಣ ಸತ್ಯೇಂದ್ರನಾಥರು ಐ.ಸಿ.ಎಸ್. ಪರೀಕ್ಷೆಯಲ್ಲಿ ತೇರ್ಗಡೆಯಾದ ಮೊದಲ ಭಾರತೀಯರು; ಅವರ ನೌಕರಿಯೆಲ್ಲ ಮುಂಬಯಿ ಇಲಾಖೆಯಲ್ಲಿ. ಅವರು ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ ರವೀಂದ್ರರು ಅಲ್ಲಿಗೆ ಬಂದು ಕೆಲವು ಕಾಲ ಇದ್ದರು. ಕಾರವಾರ ಆಗ ಮುಂಬಯಿ ಇಲಾಖೆಗೆ ಸೇರಿದ ಊರು. 1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾದಾಗ ಅದು ನಮ್ಮ ರಾಜ್ಯಕ್ಕೆ ಸೇರಿತು. ಇಂದು ಅಲ್ಲಿಯ ಕಡಲತೀರಕ್ಕೆ ರವೀಂದ್ರರ ಹೆಸರೇ ಇದೆ.

ಅರ್ಧಚಂದ್ರದಂತೆ ಬಾಗಿದ ಆ ದಂಡೆ, ಗಾಳಿಮರಗಳ ತೋಪು, ಗುಡ್ಡಗಳ ನಡುವಿನಿಂದ ಇಳಿದು ಬಂದು ಕಡಲನ್ನು ಕೂಡುವ ಕಾಳಿ ನದಿ ಇವನ್ನೆಲ್ಲ ರವೀಂದ್ರರು ತಮ್ಮ ಆತ್ಮಕಥೆಯಲ್ಲಿ ಮನಸ್ಸಿಟ್ಟು ನೆನೆದಿದ್ದಾರೆ. ಒಂದು ಬೆಳದಿಂಗಳ ಸಂಜೆ ಮನೆಯವರೆಲ್ಲ ದೋಣಿಯಲ್ಲಿ ನದಿಯ ಮೇಲ್ಮುಖವಾಗಿ ಹೋಗಿ, ಶಿವಾಜಿಯ ಕಾಲದ ಒಂದು ಗುಡ್ಡದ ಕೋಟೆಯ ಬಳಿ ಇಳಿದರು. ಅಲ್ಲೊಬ್ಬ ಒಕ್ಕಲಿಗನ ಮನೆ. ಗುಡಿಸಿ ಚೊಕ್ಕಟವಾಗಿಟ್ಟ ಅಂಗಳ. ಆ ಅಂಗಳದಲ್ಲಿ ಬೆಳದಿಂಗಳು ಬಿದ್ದ ಕಡೆಯಲ್ಲಿ ಕುಳಿತು ಎಲ್ಲರೂ ತಾವು ಕಟ್ಟಿಕೊಂಡು ಬಂದ ಬುತ್ತಿಯನ್ನು ಉಂಡರು. ತಿರುಗಿ ಬರುವಾಗ ಅಳಿವೆಯಲ್ಲಿ ದೋಣಿ ಬಿಟ್ಟು, ನಡುರಾತ್ರಿಯಲ್ಲಿ ಮರಳಿನ ಮೇಲೆ ನಡೆದುಕೊಂಡೇ ಮನೆ ಸೇರಿದರು. ಕಡಲಿನಲ್ಲಿ ಅಲೆಯಿರಲಿಲ್ಲ, ಗಾಳಿಮರಗಳೂ ಸದ್ದು ನಿಲ್ಲಿಸಿದ್ದವು. ಆ ಒಕ್ಕಲಿಗನ ಹೆಸರು ಯಾರಿಗೂ ತಿಳಿಯದು. ಆದರೆ ಬಂಗಾಳದ ಮಹಾಕವಿಗೆ ಒಂದು ಹೊತ್ತು ಅಂಗಳ ಕೊಟ್ಟವನು ಕನ್ನಡ ಕರಾವಳಿಯ ರೈತನೆಂಬುದು ನಮಗೆ ಸಂತೋಷದ ಮಾತು.

ಕಾರವಾರದಲ್ಲಿಯೇ ಅವರು ಪ್ರಕೃತಿರ್ ಪ್ರತಿಶೋಧ್ ಎಂಬ ನಾಟಕವನ್ನು ಬರೆದರು. ಪ್ರಕೃತಿಯ ಸೇಡು ಎಂದು ಅದರ ಅರ್ಥ. ಲೋಕದ ಹಂಗನ್ನೆಲ್ಲ ಹರಿದು, ಪ್ರಕೃತಿಯನ್ನು ಗೆದ್ದೆನೆಂದು ಗುಹೆಯಿಂದ ಹೊರಬಂದ ಒಬ್ಬ ಸಂನ್ಯಾಸಿಯನ್ನು ಒಬ್ಬ ಅನಾಥ ಬಾಲೆಯ ಪ್ರೀತಿ ಮರಳಿ ಲೋಕಕ್ಕೆ ಎಳೆಯುತ್ತದೆ. ಅವನು ತಪಸ್ಸು ಬಿಟ್ಟು ಹುಡುಕಿಕೊಂಡು ಬರುವಷ್ಟರಲ್ಲಿ ಆಕೆ ಇಲ್ಲವಾಗಿರುತ್ತಾಳೆ. ಯಾವ ಋಣವೂ ಬೇಡವೆಂದವನನ್ನು ಋಣವೇ ಹುಡುಕಿಕೊಂಡು ಬರುವ ಈ ಕಥೆಯನ್ನು ಬರೆದಾಗ ಅವರಿಗೆ ಇಪ್ಪತ್ತೆರಡರ ಹರೆಯ. ತಮ್ಮ ಮುಂದಿನ ಬರವಣಿಗೆಗೆಲ್ಲ ಇದು ಪೀಠಿಕೆಯೆಂದು ಅವರೇ ಹೇಳಿಕೊಂಡಿದ್ದಾರೆ.

ಕಾರವಾರದಿಂದ ಮರಳಿದ ಸ್ವಲ್ಪ ದಿನಕ್ಕೆ, 1883ರ ಡಿಸೆಂಬರಿನಲ್ಲಿ, ಮೃಣಾಲಿನಿ ದೇವಿಯವರೊಂದಿಗೆ ಮದುವೆಯಾಯಿತು. ಆ ದಿನಗಳಲ್ಲಿಯೇ ತಂದೆಯವರಿಂದ ಒಂದು ಪತ್ರವೂ ಬಂತು. ಜಮೀನುದಾರಿಯ ಕೆಲಸಕ್ಕೆ ಸಿದ್ಧನಾಗಬೇಕು. ಮೊದಲು ಕಲಕತ್ತೆಯ ಕಚೇರಿಯಲ್ಲಿ ಕುಳಿತು ಜಮಾ, ವಸೂಲಿ, ಬಾಕಿಯ ಲೆಕ್ಕಗಳನ್ನು ಕ್ರಮವಾಗಿ ಅಭ್ಯಾಸ ಮಾಡಬೇಕು. ಕೆಲಸ ತಿಳಿಯಿತೆಂದು ತನಗೆ ನಂಬಿಕೆಯಾದ ಮೇಲೆ ಹಳ್ಳಿಗೆ ಕಳಿಸುವುದು ಎಂದು ಅದರ ಅಭಿಪ್ರಾಯ. ಕವಿ ಕೆಲವು ವರ್ಷ ಈ ಉಮೇದುವಾರಿ ಮಾಡಿ, 1890ರ ಸುಮಾರಿಗೆ ಮೂರು ಪರಗಣೆಗಳ ಆಡಳಿತವನ್ನು ವಹಿಸಿಕೊಂಡು ಪೂರ್ವ ಬಂಗಾಳಕ್ಕೆ ಹೊರಟರು. ಶಿಲಾಯಿದಹ, ಶಾಹಜಾದಪುರ, ಪತಿಸರ ಎಂಬ ಆ ಮೂರು ಠಾಣ್ಯಗಳೂ ಈಗ ಬಾಂಗ್ಲಾದೇಶದಲ್ಲಿವೆ.

ಒಂದರಿಂದೊಂದಕ್ಕೆ ಹೋಗಲು ಅಲ್ಲಿ ನದಿಯೇ ಹೆದ್ದಾರಿ. ಪದ್ಮಾ ಎಂಬ ಹೆಸರಿನ ಮನೆದೋಣಿಯಲ್ಲಿ ಅವರು ವಾರಗಟ್ಟಲೆ ಇರುತ್ತಿದ್ದರು. ಬೆಳಗ್ಗೆ ಗುಮಾಸ್ತರು ಕಿರ್ದಿ-ಖತಾವಣಿಗಳನ್ನು ಹೊತ್ತು ತರುವರು, ರೈತರು ಅರ್ಜಿ ಹಿಡಿದು ಬರುವರು, ವ್ಯಾಜ್ಯಗಳು ಬರುವವು. ಅವೆಲ್ಲ ಮುಗಿದ ಮೇಲೆ ಕಿಟಕಿಯ ಹೊರಗೆ ನದಿ. ಬೇಸಗೆಯಲ್ಲಿ ನದಿ ಬತ್ತಿ ಉದ್ದಾನುದ್ದ ಮರಳದಿಬ್ಬಗಳು ಏಳುತ್ತಿದ್ದವು. ವೈಶಾಖದ ಸಂಜೆ ವಾಯವ್ಯದಿಂದ ಬಿರುಗಾಳಿ ನುಗ್ಗಿ ದೋಣಿಯ ಹಗ್ಗಗಳನ್ನು ಜಗ್ಗುತ್ತಿತ್ತು. ಆಷಾಢ-ಶ್ರಾವಣಗಳಲ್ಲಿ ನೀರು ದಂಡೆ ಮೀರಿ ಹರಿದು, ಭತ್ತದ ಗದ್ದೆಗಳ ಮೇಲೆಯೇ ದೋಣಿ ನಡೆಯುತ್ತಿತ್ತು, ಹಳ್ಳಿಗಳು ದ್ವೀಪಗಳಾಗುತ್ತಿದ್ದವು. ಶರದೃತುವಿನಲ್ಲಿ ನೀರು ಇಳಿದು ದಂಡೆಯ ಉದ್ದಕ್ಕೂ ಕಾಶದ ಹುಲ್ಲು ಬಿಳಿಯ ಹೂ ಬಿಡುತ್ತಿತ್ತು. ಚಳಿಗಾಲಕ್ಕೆ ಸಾಸಿವೆಯ ಹೊಲ ಹಳದಿಯಾಗಿ, ಮರಳದಿಬ್ಬಗಳಿಗೆ ಕಾಡುಬಾತುಗಳು ಬಂದಿಳಿಯುತ್ತಿದ್ದವು. ಕಲಕತ್ತೆಯ ಕಿಟಕಿಯಿಂದ ಒಂದು ಕೊಳವನ್ನೂ ಒಂದು ಮರವನ್ನೂ ನೋಡಿ ಹಸಿದ ಕಣ್ಣಿಗೆ ಇದೊಂದು ಹಬ್ಬದೂಟ. ಅಣ್ಣನ ಮಗಳು ಇಂದಿರಾದೇವಿಗೆ ಅವರು ಆ ವರ್ಷಗಳಲ್ಲಿ ಬರೆದ ಪತ್ರಗಳು 1912ರಲ್ಲಿ ಛಿನ್ನಪತ್ರ ಎಂಬ ಪುಸ್ತಕವಾಗಿ ಹೊರಬಂದವು. ಋತುಗಳನ್ನು ಇಷ್ಟು ಹತ್ತಿರದಿಂದ ನೋಡಿ ಬರೆದ ಗದ್ಯ ನಮ್ಮ ದೇಶದಲ್ಲಿ ಅಪರೂಪ.

ಕಥೆಗಳೂ ಅಲ್ಲಿಯೇ ಹುಟ್ಟಿದವು. ಶಾಹಜಾದಪುರದ ಅವರ ಬಂಗಲೆಯ ಕೆಳಅಂತಸ್ತಿನಲ್ಲಿ ಅಂಚೆ ಕಚೇರಿಯಿತ್ತು. ಅಲ್ಲಿಯ ಪೋಸ್ಟ್ ಮಾಸ್ತರರ ಜೊತೆಗಿನ ಹರಟೆಯಿಂದ 1891ರಲ್ಲಿ ಪೋಸ್ಟ್ ಮಾಸ್ಟರ್ ಎಂಬ ಕಥೆ ಬಂತು. ನಗರದಿಂದ ಹಳ್ಳಿಗೆ ನೌಕರಿಗೆ ಬಂದ ತರುಣನಿಗೆ ಹೊತ್ತು ಹೋಗುವುದಿಲ್ಲ. ರತನ್ ಎಂಬ ತಬ್ಬಲಿ ಹುಡುಗಿ ಅವನ ಮನೆಗೆಲಸ ಮಾಡುತ್ತಾಳೆ, ಜ್ವರ ಬಂದಾಗ ತಾಯಿಯಂತೆ ಆರೈಕೆ ಮಾಡುತ್ತಾಳೆ. ಅವನು ನೌಕರಿ ಬಿಟ್ಟು ಹೊರಡುವಾಗ ಸಂಬಳದ ಹಣವನ್ನು ಕೊಡಹೋದರೆ ಆಕೆ ಮುಟ್ಟುವುದಿಲ್ಲ. ಕಾಲಿಗೆ ಬಿದ್ದು ಅತ್ತು ಓಡಿಹೋಗುತ್ತಾಳೆ. ದೋಣಿ ಹೊರಟ ಮೇಲೆ ಅವನಿಗೆ ತಿರುಗಿ ಹೋಗಬೇಕೆನಿಸುತ್ತದೆ. ಆದರೆ ಹಾಯಿಗೆ ಗಾಳಿ ತುಂಬಿರುತ್ತದೆ, ಹೊಳೆ ಸೆಳೆದಿರುತ್ತದೆ. ಲೋಕವೇ ಹೀಗೆಂದು ತತ್ತ್ವ ಹೇಳಿಕೊಂಡು ಮನಸ್ಸನ್ನು ಸಮಾಧಾನಪಡಿಸಿಕೊಳ್ಳುತ್ತಾನೆ. ಹಳ್ಳಿಯಿಂದ ಪ್ರೀತಿ ಉಂಡು ನಗರಕ್ಕೆ ಹೊರಟ ನಮ್ಮೆಲ್ಲರ ಕಥೆಯಿದು. ಹಣದಿಂದ ತೀರದ ಋಣವೂ ಒಂದಿದೆಯೆಂಬುದನ್ನು ಇದಕ್ಕಿಂತ ಮೆತ್ತಗೆ ಯಾರು ಹೇಳಿಯಾರು!

ಆ ತರುಣನಂತೆ ತಾವೂ ತತ್ತ್ವ ಹೇಳಿಕೊಂಡು ದೋಣಿ ಸಾಗಿಸಲು ರವೀಂದ್ರರಿಗೆ ಆಗಲಿಲ್ಲ. ಹಗಲೆಲ್ಲ ಕೈಯಲ್ಲಿದ್ದದ್ದು ಬಾಕಿಯ ಪುಸ್ತಕ. ಯಾವ ನೆರೆಯ ನೀರು ಸಂಜೆಯ ಬೆಳಕಿನಲ್ಲಿ ಚೆಲುವಾಗಿ ಕಾಣುತ್ತಿತ್ತೋ ಅದೇ ನೀರು ರೈತನ ಬೆಳೆಯನ್ನು ನುಂಗುತ್ತಿತ್ತು. ಬೆಳೆ ಹೋದವನು ಸಾಹುಕಾರನ ಬಾಗಿಲಿಗೆ ಹೋಗುತ್ತಿದ್ದನು. ಬಡ್ಡಿ ಅಸಲನ್ನು ಮೀರಿ ಹೊಲ ಕೈಬಿಡುತ್ತಿತ್ತು. ಇದನ್ನು ಕಂಡು ಅವರು 1905ರಲ್ಲಿ, ಗೆಳೆಯರಿಂದ ಸಾಲ ತಂದು, ಪತಿಸರದಲ್ಲಿ ರೈತರಿಗಾಗಿ ಒಂದು ಕೃಷಿ ಬ್ಯಾಂಕನ್ನು ತೆರೆದರು. ಮರುವರ್ಷ ಮಗ ರಥೀಂದ್ರನಾಥರನ್ನೂ ಅವರ ಗೆಳೆಯ ಸಂತೋಷಚಂದ್ರ ಮಜುಮದಾರರನ್ನೂ ಅಮೆರಿಕೆಯ ಇಲಿನಾಯ್ ವಿಶ್ವವಿದ್ಯಾಲಯಕ್ಕೆ ವ್ಯವಸಾಯಶಾಸ್ತ್ರ ಕಲಿಯಲು ಕಳಿಸಿದರು. ಆ ಕಾಲದ ಶ್ರೀಮಂತರು ಮಕ್ಕಳನ್ನು ಬ್ಯಾರಿಸ್ಟರ್ ಮಾಡಲು ವಿಲಾಯತಿಗೆ ಕಳಿಸುತ್ತಿದ್ದಾಗ, ಇವರು ಮಗನನ್ನು ರೈತನ ವಿದ್ಯೆ ಕಲಿಯಲು ಕಳಿಸಿದರೆಂಬುದನ್ನು ಗಮನಿಸಬೇಕು. ಪತಿಸರದ ಸೀಮೆಯಲ್ಲಿ ಹಿತೈಷಿ ಸಭೆಗಳಾದವು. ಗೇಣಿಯ ಜೊತೆಗೆ ರೈತರು ಕೊಡುವ ಅಲ್ಪ ವಂತಿಗೆಗೆ ಜಮೀನುದಾರಿಯ ಪಾಲನ್ನೂ ಸೇರಿಸಿ ಶಾಲೆ, ಔಷಧಾಲಯ, ರಸ್ತೆಗಳನ್ನು ನಡೆಸಿದರು. ಜಗಳಗಳನ್ನು ಕೋರ್ಟಿಗೆ ಹೋಗದೆ ಪಂಚರೇ ತೀರಿಸುವ ಏರ್ಪಾಡಾಯಿತು.

ಈ ನಡುವೆ 1901ರ ಡಿಸೆಂಬರಿನಲ್ಲಿ ಅವರು ಶಾಂತಿನಿಕೇತನದಲ್ಲಿ ಬೆರಳೆಣಿಕೆಯ ಹುಡುಗರೊಂದಿಗೆ ಮರದ ನೆರಳಿನ ಶಾಲೆಯನ್ನು ಪ್ರಾರಂಭಿಸಿದ್ದರು. ತಮ್ಮ ಸುತ್ತ ಎಳೆದಿದ್ದ ಸೀಮೆಸುಣ್ಣದ ಗೆರೆ ಇನ್ನೊಬ್ಬರ ಮಕ್ಕಳಿಗೆ ಬೇಡವೆಂಬುದೇ ಆ ಶಾಲೆಯ ಹುರುಳು. ಖರ್ಚಿಗೆ ಹಣ ಸಾಲದಾದಾಗ ಮೃಣಾಲಿನಿ ದೇವಿಯವರು ತಮ್ಮ ಒಡವೆಗಳನ್ನು ಕೊಟ್ಟರು. ವರ್ಷ ತುಂಬುವುದರೊಳಗೆ, 1902ರ ನವೆಂಬರ್ 23ರಂದು, ಆಕೆ ಕಣ್ಮುಚ್ಚಿದರು. 1903ರಲ್ಲಿ ಮಗಳು ರೇಣುಕಾ ಹೋದಳು. 1905ರಲ್ಲಿ ಮಹರ್ಷಿಗಳು ಹೋದರು. ಒಂದರ ಮೇಲೊಂದು ಬಿದ್ದ ಈ ಪೆಟ್ಟುಗಳ ನಡುವೆ ಶಾಲೆ ನಡೆಯಿತು.

1907ರ ವಸಂತ ಪಂಚಮಿಯಂದು ಆ ಶಾಲೆಯಲ್ಲಿ ಮಕ್ಕಳೇ ಸೇರಿ ಒಂದು ಋತು ಉತ್ಸವವನ್ನು ಮಾಡಿದರು. ಋತುಗಳ ವೇಷ ಧರಿಸಿ ಹಾಡಿದರು. ಇದಕ್ಕೆ ಮುಂದಾಳು ಕವಿಯ ಕಿರಿಯ ಮಗ, ಹತ್ತು ವರ್ಷದ ಶಮೀಂದ್ರ. ಶಾಂತಿನಿಕೇತನದ ಋತು ಹಬ್ಬಗಳಿಗೆ ಇದೇ ಮೊದಲೆಂದು ಹೇಳಬೇಕು. ಅದೇ ವರ್ಷ ರಜೆಯಲ್ಲಿ ಆ ಹುಡುಗ ಗೆಳೆಯನೊಂದಿಗೆ ಮುಂಗೇರಕ್ಕೆ ಹೋದನು. ಅಲ್ಲಿ ಕಾಲರಾ ತಗಲಿತು. ತಂದೆ ಧಾವಿಸಿ ಹೋದರೂ ಉಳಿಯಲಿಲ್ಲ. ಅವನು ತೀರಿಕೊಂಡದ್ದು ನವೆಂಬರ್ 23ರಂದು, ತಾಯಿ ಹೋದ ದಿನವೇ.

ಆ ರಾತ್ರಿಯ ಮಾತನ್ನು ರವೀಂದ್ರರು ಬಹುಕಾಲ ಯಾರಿಗೂ ಹೇಳಲಿಲ್ಲ. ಇಪ್ಪತ್ತೈದು ವರ್ಷಗಳ ಮೇಲೆ, 1932ರಲ್ಲಿ, ಮಗಳು ಮೀರಾದೇವಿಯ ಒಬ್ಬನೇ ಮಗ ನೀತೀಂದ್ರ ಜರ್ಮನಿಯಲ್ಲಿ ತೀರಿಕೊಂಡಾಗ, ಆಕೆಗೆ ಸಮಾಧಾನ ಹೇಳಿ ಬರೆದ ಪತ್ರದಲ್ಲಿ ಅದು ಹೊರಬಂತು. ಶಮಿ ಹೋದ ಮಾರನೆಯ ರಾತ್ರಿ ರೈಲಿನಲ್ಲಿ ಮರಳಿ ಬರುವಾಗ ಅವರು ಕಿಟಕಿಯಿಂದ ನೋಡಿದರು. ಆಕಾಶವೆಲ್ಲ ಬೆಳದಿಂಗಳಿಂದ ತುಂಬಿತ್ತು; ಎಲ್ಲಿಯೂ ಏನೂ ಕಡಿಮೆಯಾದ ಗುರುತಿರಲಿಲ್ಲ. ಏನೂ ಕಡಿಮೆಯಾಗಿಲ್ಲ, ಎಲ್ಲವೂ ಎಲ್ಲದರಲ್ಲಿ ಸೇರಿದೆ, ಆ ಎಲ್ಲದರಲ್ಲಿ ತಾನೂ ಇದ್ದೇನೆ, ತನ್ನ ಕೆಲಸವೂ ಉಳಿದಿದೆ ಎಂದು ಅವರ ಮನಸ್ಸು ಹೇಳಿತು. ಹೆತ್ತ ಮಗನನ್ನು ಕಳೆದುಕೊಂಡು ಬರುತ್ತಿರುವ ತಂದೆಗೆ ಬೆಳದಿಂಗಳು ಕ್ರೂರವಾಗಿ ಕಂಡಿದ್ದರೆ ಯಾರೂ ತಪ್ಪು ಹೇಳುತ್ತಿರಲಿಲ್ಲ. ಅವರಿಗೆ ಅದು ಕೆಲಸಕ್ಕೆ ಮರಳುವ ಕರೆಯಾಗಿ ಕಂಡಿತು. ಪ್ರಕೃತಿಯಿಂದ ಮನಸ್ಸು ಹೊಸದಾಗುವುದೆಂದು ನಾವು ಸುಲಭವಾಗಿ ಆಡುವ ಮಾತಿಗೆ ಬೆಲೆಯೆಷ್ಟೆಂಬುದು ಇಲ್ಲಿ ತಿಳಿಯುತ್ತದೆ.

ಮರುವರ್ಷ, 1908ರಲ್ಲಿ, ಶಾಲೆಯ ಹುಡುಗರು ಆಡಲಿಕ್ಕೆಂದು ಅವರು ಶಾರದೋತ್ಸವ ಎಂಬ ನಾಟಕವನ್ನು ಬರೆದರು. ಮಳೆ ಮುಗಿದಿದೆ, ಬಿಸಿಲು ಬಂಗಾರವಾಗಿದೆ, ಹುಡುಗರಿಗೆ ರಜೆ. ಎಲ್ಲರೂ ನದಿಯ ದಂಡೆಯಲ್ಲಿ ಕುಣಿಯುತ್ತಿರಲು ಉಪನಂದನೆಂಬ ಒಬ್ಬ ಹುಡುಗ ಮಾತ್ರ ಆಟಕ್ಕೆ ಸೇರದೆ ಓಲೆ ಪ್ರತಿಮಾಡುತ್ತ ಕುಳಿತಿದ್ದಾನೆ. ಸತ್ತುಹೋದ ತನ್ನ ಗುರುವಿನ ಸಾಲ ಲಕ್ಷೇಶ್ವರನೆಂಬ ಬಡ್ಡಿ ವ್ಯಾಪಾರಿಯ ಬಳಿ ಉಳಿದಿದೆ. ಅದನ್ನು ದುಡಿದು ತೀರಿಸಬೇಕು. ಸಂನ್ಯಾಸಿಯ ವೇಷದಲ್ಲಿ ಬಂದ ರಾಜನು ಈ ಹುಡುಗನನ್ನು ನೋಡಿ, ಈ ಋತುವಿನ ನಿಜವಾದ ಹಬ್ಬವನ್ನು ಆಚರಿಸುತ್ತಿರುವವನು ಇವನೇ ಎಂದು ತಿಳಿಯುತ್ತಾನೆ. ಮಳೆಗಾಲವೆಲ್ಲ ಪಡೆದದ್ದನ್ನು ಭೂಮಿ ಶರತ್ಕಾಲದಲ್ಲಿ ತೆನೆಯಾಗಿ ಹೂವಾಗಿ ತಿರುಗಿ ಕೊಡುತ್ತದೆ. ಆ ಸಂತೋಷವೇ ಶರತ್ಕಾಲದ ಚೆಲುವು. ಋಣ ತೀರಿಸುವ ಹುಡುಗನ ಸಂತೋಷವೂ ಅದೇ ಜಾತಿಯದು. 1921ರಲ್ಲಿ ಈ ನಾಟಕವನ್ನು ತಿದ್ದಿ ಬರೆದಾಗ ಅವರು ಹೆಸರನ್ನೇ ಋಣಶೋಧ್ ಎಂದು ಬದಲಾಯಿಸಿದರು. ಋಣ ತೀರಿಸುವುದು ಎಂದು ಅದರ ಅರ್ಥ. ಸಾಲ ತೀರುವಳಿಯನ್ನು ಋತುವಿನ ಹಬ್ಬವೆಂದು ಕಂಡ ಬೇರೊಬ್ಬ ಕವಿಯನ್ನು ನಾನು ಓದಿಲ್ಲ.

ಹಳ್ಳಿ ಮತ್ತೂ ಕೊಡುತ್ತಲೇ ಹೋಯಿತು. 1912ರ ಮಾರ್ಚ್ ತಿಂಗಳಲ್ಲಿ ವಿಲಾಯತಿಗೆ ಹೊರಡಬೇಕಾದ ಸಮಯಕ್ಕೆ ಸರಿಯಾಗಿ ಕಾಯಿಲೆಯಾಗಿ, ವಿಶ್ರಾಂತಿಗೆಂದು ಅವರು ಶಿಲಾಯಿದಹಕ್ಕೆ ಹೋದರು. ಚೈತ್ರ ಮಾಸ, ಮಾವು ಹೂ ಬಿಟ್ಟ ಕಾಲ. ಹೊಸದಾಗಿ ಬರೆಯುವ ಶಕ್ತಿಯಿರಲಿಲ್ಲ, ಸುಮ್ಮನಿರಲೂ ಆಗಲಿಲ್ಲ. ಹಳೆಯ ಗೀತೆಗಳನ್ನು ಹೊತ್ತು ಕಳೆಯಲು ಇಂಗ್ಲಿಷಿಗೆ ತಿರುಗಿಸುತ್ತ ಕುಳಿತರು. ಮೇ ತಿಂಗಳಲ್ಲಿ ನಮ್ಮ ಮುಂಬಯಿ ಬಂದರದಿಂದ ಹಡಗು ಹತ್ತಿದಾಗ ಅವರ ಸಾಮಾನಿನಲ್ಲಿ ಆ ಹಸ್ತಪ್ರತಿಯಿತ್ತು. ಲಂಡನ್ನಿನ ಭೂಗರ್ಭದ ರೈಲಿನಲ್ಲಿ ರಥೀಂದ್ರನಾಥರು ಅದಿದ್ದ ಚೀಲವನ್ನು ಬಿಟ್ಟು ಇಳಿದು, ಕಳೆದ ಸಾಮಾನುಗಳ ಕಚೇರಿಯಲ್ಲಿ ಅದು ಮರಳಿ ಸಿಕ್ಕಿದ್ದು ಪ್ರಸಿದ್ಧವಾದ ಸಂಗತಿ. ಇಂಗ್ಲಿಷ್ ಗೀತಾಂಜಲಿಯೆಂದರೆ ಇದೇ. 1913ರಲ್ಲಿ ಅದಕ್ಕೆ ನೊಬೆಲ್ ಪಾರಿತೋಷಕ ಬಂತು.

ಆ ಹಣವನ್ನು ಅವರು ಏನು ಮಾಡಿದರೆಂಬುದನ್ನು ಬ್ಯಾಂಕಿನ ಗುಮಾಸ್ತನಾದವನು ಹೇಳದೆ ಬಿಡಲಾರ. ಒಂದು ಲಕ್ಷ ರೂಪಾಯಿಗೂ ಮಿಕ್ಕಿದ ಮೊತ್ತ. ಶಾಂತಿನಿಕೇತನದ ಶಾಲೆಗ ಹಣದ ಮುಗ್ಗಟ್ಟು. ಪತಿಸರದ ಬ್ಯಾಂಕಿಗೂ ಬಂಡವಾಳದ ಕೊರತೆ. ಅವರು ಹಣವನ್ನು ಶಾಲೆಯ ಹೆಸರಿನಲ್ಲಿ ಕೃಷಿ ಬ್ಯಾಂಕಿನಲ್ಲಿ ಠೇವಣಿಯಾಗಿಟ್ಟರು. ಅಸಲಿನಿಂದ ರೈತನಿಗೆ ಸಾಲ. ಬಡ್ಡಿಯಿಂದ ಶಾಲೆಗೆ ಅನ್ನ. ಒಂದೇ ಹಣ ಎರಡು ಕಡೆ ದುಡಿಯಿತು. ಪದ್ಮೆಯ ದಂಡೆಯಲ್ಲಿ ಗಳಿಸಿದ ಪುಣ್ಯ ಪದ್ಮೆಯ ಸೀಮೆಯ ರೈತರ ಖಾತೆಗೆ ಜಮಾ ಆಯಿತು.

ಆದರೆ ಕಥೆಯನ್ನು ಅರ್ಧಕ್ಕೆ ನಿಲ್ಲಿಸುವುದು ನ್ಯಾಯವಲ್ಲ. 1930ರ ದಶಕದಲ್ಲಿ ಬಂಗಾಳದ ಸರಕಾರ ರೈತರ ಸಾಲಭಾರ ಇಳಿಸಲು ಕಾಯಿದೆ ತಂದಿತು. ಉದ್ದೇಶ ಒಳ್ಳೆಯದೇ. ಅದರಿಂದ ಸಾಹುಕಾರರ ಸಾಲದಂತೆ ಈ ಬ್ಯಾಂಕಿನ ಸಾಲವೂ ವಸೂಲಾಗದೆ ನಿಂತಿತು, ಬ್ಯಾಂಕು ಮುಚ್ಚಿತು, ನೊಬೆಲ್ ಹಣದ ಅಸಲು ಮರಳಿ ಬರಲಿಲ್ಲ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಅದು ಮುಳುಗಿದ ಸಾಲ. ಅಷ್ಟು ವರ್ಷ ಎಷ್ಟೋ ಹೊಲಗಳು ಸಾಹುಕಾರನ ಪಾಲಾಗದೆ ಉಳಿದವಲ್ಲ, ಅದನ್ನು ಯಾವ ಕಲಮಿನಲ್ಲಿ ಬರೆಯಬೇಕೆಂಬುದು ಮಾತ್ರ ನಮ್ಮ ಪುಸ್ತಕಗಳಲ್ಲಿ ಹೇಳಿಲ್ಲ.

ಒಂದು ಕಡೆ ನಿಂತ ಕೆಲಸ ಇನ್ನೊಂದು ಕಡೆ ಬೇರು ಬಿಟ್ಟಿತ್ತು. 1921ರ ಡಿಸೆಂಬರಿನಲ್ಲಿ ವಿಶ್ವಭಾರತಿಯ ಸ್ಥಾಪನೆಯಾಯಿತು. 1922ರ ಫೆಬ್ರುವರಿಯಲ್ಲಿ ಅದರ ಪಕ್ಕದ ಸುರುಲ್ ಗ್ರಾಮದಲ್ಲಿ, ವ್ಯವಸಾಯ ಓದಿದ ಲೆನರ್ಡ್ ಎಲ್ಮ್‌ಹರ್ಸ್ಟ್ ಎಂಬ ಇಂಗ್ಲಿಷ್ ತರುಣನ ಮುಂದಾಳುತನದಲ್ಲಿ, ಗ್ರಾಮೋದ್ಧಾರದ ಕೇಂದ್ರವೊಂದು ಪ್ರಾರಂಭವಾಗಿ ಮುಂದೆ ಶ್ರೀನಿಕೇತನವೆಂದು ಹೆಸರಾಯಿತು. ಮಲೇರಿಯ ತಡೆಯುವುದು, ಸಹಕಾರಿ ಆರೋಗ್ಯ ಸಂಘಗಳು, ನೇಯ್ಗೆ, ಚರ್ಮದ ಕೆಲಸ ಇವೆಲ್ಲ ಅಲ್ಲಿ ನಡೆದವು. ಶಾಂತಿನಿಕೇತನದಲ್ಲಿ ಹಾಡು, ಶ್ರೀನಿಕೇತನದಲ್ಲಿ ನೇಗಿಲು. ಎರಡಕ್ಕೂ ಒಬ್ಬನೇ ಯಜಮಾನ.

1928ರ ಬೇಸಗೆಯಲ್ಲಿ ರವೀಂದ್ರರು ಬೆಂಗಳೂರಿಗೆ ಬಂದು, ಆಗ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದ ಬ್ರಜೇಂದ್ರನಾಥ ಶೀಲರ ಅತಿಥಿಗಳಾಗಿದ್ದು, ಶೇಷೇರ್ ಕವಿತಾ ಎಂಬ ಕಾದಂಬರಿಯನ್ನು ಮುಗಿಸಿದರು. ಮರಳಿ ಹೋದ ಮೇಲೆ, ಅದೇ ವರ್ಷದ ಮಳೆಗಾಲದಲ್ಲಿ, ಶಾಂತಿನಿಕೇತನದಲ್ಲಿ ವೃಕ್ಷಾರೋಪಣವೆಂಬ ಹಬ್ಬವನ್ನು ನಡೆಸಿದರು. ಒಂದು ಸಸಿಯನ್ನು ಪಲ್ಲಕ್ಕಿಯಲ್ಲಿಟ್ಟು ಹಾಡುತ್ತ ಮೆರವಣಿಗೆಯಲ್ಲಿ ತಂದು ನೆಟ್ಟರು. ಶ್ರೀನಿಕೇತನದಲ್ಲಿ ಹಲಕರ್ಷಣ, ಅಲ್ಲಿ ಅರುವತ್ತೇಳರ ಕವಿ ತಾವೇ ನೇಗಿಲ ಮೇಣಿ ಹಿಡಿದರು. ದೇಶದಲ್ಲಿ ವನಮಹೋತ್ಸವವೆಂಬ ಸರಕಾರಿ ಸಮಾರಂಭ ಹುಟ್ಟಿದ್ದು ಇದಾದ ಇಪ್ಪತ್ತೆರಡು ವರ್ಷಗಳ ಮೇಲೆ, 1950ರಲ್ಲಿ. ಭೂಮಿಯಿಂದ ಪಡೆಯುವುದೇ ನಡೆದಿದೆ, ತಿರುಗಿ ಕೊಡುವುದೂ ಆಗಬೇಕೆಂಬುದು ಈ ಹಬ್ಬಗಳ ತಿರುಳು. 1935ರಲ್ಲಿ ಅವರು ತಮಗಾಗಿ ಕಟ್ಟಿಸಿಕೊಂಡ ಶ್ಯಾಮಲಿ ಎಂಬ ಮನೆಗೆ ಗೋಡೆಯೂ ಮಣ್ಣಿನದು, ಮಾಡೂ ಮಣ್ಣಿನದು.

ಇಷ್ಟಾದರೂ ತಮ್ಮ ಲೆಕ್ಕ ಚುಕ್ತಾ ಆಯಿತೆಂದು ಅವರು ಎಂದೂ ತಿಳಿಯಲಿಲ್ಲ. ಎಷ್ಟೆಂದರೂ ತಾವು ಜಮೀನುದಾರರು. ರೈತನ ಗೇಣಿಯಿಂದ ತಮ್ಮ ಮನೆ ನಡೆದದ್ದು. 1930ರಲ್ಲಿ ರಷ್ಯಾ ದೇಶವನ್ನು ನೋಡಿದ ಮೇಲೆ ಈ ಸಂಕೋಚ ಇನ್ನಷ್ಟು ಹೆಚ್ಚಿ, ಮಗನಿಗೆ ಬರೆದ ಪತ್ರದಲ್ಲಿ ಅದನ್ನು ಮುಚ್ಚುಮರೆಯಿಲ್ಲದೆ ಹೇಳಿಕೊಂಡರು. 1937ರಲ್ಲಿ ಕೊನೆಯ ಬಾರಿ ಪತಿಸರಕ್ಕೆ ಹೋದರು. ಎಪ್ಪತ್ತಾರರ ಮುದುಕ ಒಡೆಯರನ್ನು ನೋಡಲು ಸುತ್ತಲಿನ ಹಳ್ಳಿಗಳ ರೈತರು, ಅವರಲ್ಲಿ ಹೆಚ್ಚಿನವರು ಮುಸಲ್ಮಾನರು, ಗುಂಪುಗುಂಪಾಗಿ ಬಂದರು. ಬಾಕಿ ವಸೂಲಿಗೆಂದು ಬಂದ ತರುಣನನ್ನು ಕಂಡಿದ್ದ ಹಿರಿಯರೂ ಅವರಲ್ಲಿದ್ದಿರಬೇಕು.

1941ರ ಜುಲೈ ತಿಂಗಳಲ್ಲಿ ಕಾಯಿಲೆ ಬಲವಾಗಿ ಅವರನ್ನು ಶಾಂತಿನಿಕೇತನದಿಂದ ಕಲಕತ್ತೆಗೆ ಕರೆತಂದರು. ಆಗಸ್ಟ್ 7ರಂದು, ಹುಟ್ಟಿದ ಆ ಜೋಡಾಸಾಂಕೊ ಮನೆಯಲ್ಲಿಯೇ, ಕಣ್ಮುಚ್ಚಿದರು. ಬಂಗಾಳದ ಪಂಚಾಂಗದಂತೆ ಅಂದು ಶ್ರಾವಣದ 22ನೆಯ ದಿನ, ತುಂಬಿದ ಮಳೆಗಾಲ. ಅವರು ಬಿಟ್ಟುಹೋದ ಆಶ್ರಮದಲ್ಲಿ ಆ ದಿನದ ಆಚರಣೆ ವೃಕ್ಷಾರೋಪಣದಿಂದ ನಡೆಯುತ್ತದೆ. ಪ್ರತಿ ವರ್ಷ ಅವರು ತೀರಿಕೊಂಡ ದಿನ ಒಂದು ಸಸಿ ಮಣ್ಣಿಗಿಳಿಯುತ್ತದೆ.

ಮುಂಬಯಿಯ ಕನ್ನಡಿಗರಾದ ನಮಗೆ ಋತುಗಳ ಪರಿಚಯ ತಪ್ಪಿ ಬಹಳ ಕಾಲವಾಯಿತು. ಲೋಕಲ್ ರೈಲು ನಿಂತರೆ ಮಳೆಗಾಲ. ಮಾರ್ಚ್ 31ರ ಲೆಕ್ಕ ಮುಗಿದರೆ ಬೇಸಗೆ. ನಾವು ರಾಜ್ಯೋತ್ಸವ ಆಚರಿಸುವ ಈ ಹೊತ್ತಿಗೆ ಬಯಲುಸೀಮೆಯಲ್ಲಿ ಹಿಂಗಾರಿ ಜೋಳ ಹಸುರೇರಿರುತ್ತದೆ. ಕರಾವಳಿಯಲ್ಲಿ ಭತ್ತದ ಕೊಯ್ಲಾಗಿ ಯಕ್ಷಗಾನದ ಮೇಳಗಳು ತಿರುಗಾಟಕ್ಕೆ ಹೊರಡುತ್ತವೆ. ರಜೆ ಹಾಕಿ ಊರಿಗೆ ಹೋಗಿ, ನಾಲ್ಕು ದಿನ ಅದರ ಗಾಳಿ ಕುಡಿದು, ಹಗುರಾಗಿ ಮರಳಿ ಬರುವ ಸುಖವನ್ನು ಬಲ್ಲದವರು ನಮ್ಮಲ್ಲಿ ಯಾರೂ ಇಲ್ಲ. ಅದು ಊರು ನಮಗೆ ಕೊಡುವ ಸಾಲ. ಊರ ದೇವಸ್ಥಾನದ ಜೀರ್ಣೋದ್ಧಾರಕ್ಕೆ ವಂತಿಗೆ ಕೊಡುವ ಕೈಗಳು ನಮ್ಮಲ್ಲಿ ಬೇಕಾದಷ್ಟಿವೆ. ಊರ ಕನ್ನಡ ಶಾಲೆಯ ಸೋರುವ ಮಾಡಿಗೂ, ಹೂಳು ತುಂಬಿದ ಕೆರೆಗೂ ಅದೇ ಕೈ ನೀಡಿದರೆ ಪೋಸ್ಟ್ ಮಾಸ್ಟರ್ ಕಥೆಯ ತರುಣನಂತೆ ನಾವು ಹೊಳೆಯ ಸೆಳವಿನ ನೆಪ ಹೇಳಬೇಕಾಗದು. ಪೂರ್ತಿ ತೀರುವ ಸಾಲ ಇದಲ್ಲ. ವರ್ಷಕ್ಕೊಂದು ಕಂತಾದರೂ ಕಟ್ಟುತ್ತಿದ್ದರೆ ಖಾತೆ ಜೀವಂತವಾಗಿರುತ್ತದೆ.